‘ದಿ ಸ್ಟಾರ್ಮ್ ರೈಡರ್ಸ್’ ಸಿನಿಮಾಕ್ಕೆ ನಾನು ಕನ್ನಡ ಸಬ್‌ಟೈಟಲ್ ಬರೆದದ್ದು

ಅಪ್ಪನಿಗೆ ಕತ್ತಿ ಕಾಳಗದ ಸಿನಿಮಾ ಅಂದರೆ ಪ್ರಾಣ. ಇಂಗ್ಲಿಷ್ ಬಾರದು. ನನ್ನ ಹತ್ತಿರ ‘ದಿ ಸ್ಟಾರ್ಮ್ ರೈಡರ್ಸ್’ ಡಿವಿಡಿ ಇತ್ತು. 1998ರ ಹಾಂಗ್‌ಕಾಂಗ್ ಸಿನಿಮಾ, ನಿರ್ದೇಶಕ ಆಂಡ್ರ್ಯೂ ಲಾವ್. ಮಾ ವಿಂಗ್‌ಶಿಂಗ್ 1989ರಲ್ಲಿ ಶುರುಮಾಡಿದ ಕಾಮಿಕ್ಸ್ ಇದರ ಮೂಲ. ಅಪ್ಪನ ಜೊತೆ ಕೂತು ನೋಡಬೇಕು, ಅವರು ಮಧ್ಯೆ ಮಧ್ಯೆ ನನ್ನನ್ನು ಕೇಳುವ ಹಾಗೆ ಆಗಬಾರದು ಅನ್ನಿಸಿತು. ಹಾಗಾಗಿ ಕನ್ನಡ ಸಬ್‌ಟೈಟಲ್ ನಾನೇ ಬರೆಯಲು ಕೂತೆ.

ಕಥೆ ನಿಂತಿರುವುದು ಒಂದು ಭವಿಷ್ಯವಾಣಿಯ ಮೇಲೆ. ಇಡೀ ಲೋಕ ಗೆಲ್ಲಬೇಕು ಎನ್ನುವ ಒಬ್ಬ ಗುರು, ಆ ಪಾತ್ರದಲ್ಲಿ ಜಪಾನಿನ ಸನ್ನಿ ಚಿಬಾ. ಜ್ಯೋತಿಷಿಯೊಬ್ಬ ಅವನಿಗೆ ಹೇಳುತ್ತಾನೆ: ಗಾಳಿ, ಮೋಡ ಸಿಕ್ಕರೆ ನಿನ್ನ ಏಳಿಗೆ ತಪ್ಪಿದ್ದಲ್ಲ. ಅವನು ಆ ಹೆಸರಿನ ಇಬ್ಬರು ಹುಡುಗರನ್ನು ಹುಡುಕಿ ತಂದು ಶಿಷ್ಯರನ್ನಾಗಿ ಮಾಡಿಕೊಳ್ಳುತ್ತಾನೆ. ಬೆಳೆದ ಮೇಲೆ ಗಾಳಿ ಆಗುವುದು ಎಕಿನ್ ಚೆಂಗ್, ಮೋಡ ಆಗುವುದು ಆರನ್ ಕ್ವಾಕ್. ವರ್ಷಗಳಾದ ಮೇಲೆ ಭವಿಷ್ಯದ ಉಳಿದರ್ಧ ಗೊತ್ತಾಗುತ್ತದೆ. ಏರಿಸಿದ ಗಾಳಿ, ಮೋಡವೇ ಅವನನ್ನು ಇಳಿಸುತ್ತವೆ.

ಹೆಸರುಗಳನ್ನು ‘ಫಂಗ್’, ‘ವಾನ್’ ಎಂದೇ ಬಿಟ್ಟರೆ ಭವಿಷ್ಯವಾಣಿಗೆ ಅರ್ಥವೇ ಇಲ್ಲ. ಅವನ್ನು ಕನ್ನಡಕ್ಕೆ ತರಲೇಬೇಕು. ಗಾಳಿ ಸುಲಭ. ನಮ್ಮಲ್ಲಿ ‘ಗಾಳಿ ಹಿಡಿದಿದೆ’ ಅಂತಾರಲ್ವಾ, ಅದೂ ಇಲ್ಲಿ ಸರಿಹೊಂದುತ್ತದೆ. ಕಾಮಿಕ್ಸ್‌ನಲ್ಲಿ ಗಾಳಿಯ ವಂಶದವರ ರಕ್ತದಲ್ಲೇ ಹುಚ್ಚು ಇದೆ. ಮೋಡಕ್ಕೆ ಮಾತ್ರ ಮೂರು ದಿನ ಹೋಯಿತು. ‘ಮೇಘ’ ಅಂದರೆ ನಮ್ಮ ಕಿವಿಗೆ ಹುಡುಗಿಯ ಹೆಸರು. ‘ಮುಗಿಲು’ ಚೆಂದದ ಪದ, ಆದರೆ ನಮ್ಮ ಹಾವೇರಿ ಕಡೆ ಮುಗಿಲು ಅಂದರೆ ಆಕಾಶ, ಬೇರೆ ಕಡೆ ಮೋಡ. ಕೊನೆಗೆ ಸುಮ್ನೆ ‘ಮೋಡ’ ಎಂದೇ ಇಟ್ಟೆ. ಹತ್ತು ನಿಮಿಷ ನೋಡುವಷ್ಟರಲ್ಲಿ ಕಿವಿಗೆ ಒಗ್ಗುತ್ತದೆ.

ಸಿನಿಮಾದ ಭಾಷೆ ಹಾಂಗ್‌ಕಾಂಗಿನ ಕ್ಯಾಂಟನೀಸ್, ನನಗೆ ಅದು ಬರುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಶುರುಮಾಡಿದೆ. ಭವಿಷ್ಯವಾಣಿಯ ಜಾಗದಲ್ಲಿ ಅದು ಬರೀ ಸಾರಾಂಶ ಹೇಳುತ್ತಿದೆ ಅನ್ನಿಸಿತು. ಆಫೀಸಿನಲ್ಲಿ ಕ್ಯಾಂಟನೀಸ್ ಬಲ್ಲ ಸಹೋದ್ಯೋಗಿ ಇದ್ದರು. ಚೀನೀ ಸಾಲುಗಳನ್ನು ತೋರಿಸಿದೆ. ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮೊದಲ ಸಾಲಲ್ಲಿ ಹೊನ್ನಿನ ಮೀನು ಗಾಳಿ-ಮೋಡ ಸಿಕ್ಕಾಗ ಡ್ರ್ಯಾಗನ್ ಆಗುತ್ತದೆ. ಕೊನೆಯ ಸಾಲಲ್ಲಿ ಅದೇ ಎರಡು ಅಕ್ಷರ ಮತ್ತೆ ಬರುತ್ತವೆ, ಡ್ರ್ಯಾಗನ್ ಆಳವಿಲ್ಲದ ನೀರಿನಲ್ಲಿ ಈಜುತ್ತದೆ.

ಆಗ ನೆನಪಾದದ್ದು ಮೈಲಾರದ ಕಾರಣಿಕ. ಭರತ ಹುಣ್ಣಿಮೆ ಮುಗಿದ ಮೇಲೆ ಗೊರವಯ್ಯ ಬಿಲ್ಲು ಏರುತ್ತಾನೆ. ‘ಸದ್ದಲೇ’ ಅಂದ ಕೂಡಲೇ ಲಕ್ಷಗಟ್ಟಲೆ ಜನ ಗಪ್‌ಚುಪ್. ಒಂದೇ ಸಾಲು ಹೇಳಿ ಕೆಳಗೆ ಬೀಳುತ್ತಾನೆ. ಮಳೆನೋ, ಬೆಳೆನೋ, ರಾಜಕೀಯನೋ, ಜನ ಅರ್ಥ ಹುಡುಕುತ್ತಾ ಮನೆಗೆ ಹೋಗುತ್ತಾರೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದೇನೆ. ನನಗೆ ಬೇಕಾದ ಮಾತಿನ ಕಟ್ಟು ಅದೇ ಆಗಿತ್ತು. ಕಾರಣಿಕದ ಕೊನೆಗೆ ಬರುವ ‘ಪರಾಕ್’ ಅನ್ನುವುದನ್ನು ಮಾತ್ರ ಮುಟ್ಟಲಿಲ್ಲ, ಅದು ಮೈಲಾರಲಿಂಗನಿಗೆ ಸೇರಿದ್ದು. ಹಾಳೆಗಟ್ಟಲೆ ಬರೆದು ಹರಿದು ಹಾಕಿದ ಮೇಲೆ ಉಳಿದದ್ದು ಇಷ್ಟು:

ಹೊನ್ನ ಮೀನು ಹೊಂಡದಲ್ಲಿ ನಿಲ್ಲದು, ಗಾಳಿ ಮೋಡ ಕೂಡಿದರೆ ಮುಗಿಲೇರೀತು.

ಮುಗಿಲೇರಿದ್ದು ಗುಡುಗೀತು, ಗಾಳಿ ಮೋಡ ಕೂಡಿದರೆ ಮೊಣಕಾಲು ನೀರಿಗಿಳಿದೀತು.

ಡ್ರ್ಯಾಗನ್ ಅನ್ನುವ ಪದ ಬಿಟ್ಟೆ. ನಾಗ ಅಂತ ಹಾಕಿದರೆ ಹುತ್ತ ನೆನಪಾಗುತ್ತದೆ, ಆಕಾಶ ಅಲ್ಲ. ಹೆಸರಿಗೆ ಬೇಡವಾಗಿದ್ದ ಮುಗಿಲು ಇಲ್ಲಿ ಬಂತು.

ಗಾಳಿ, ಮೋಡ ಅಲ್ಲದೆ ಗುರುವಿಗೆ ಇನ್ನೊಬ್ಬ ಹಿರಿಯ ಶಿಷ್ಯನೂ ಇದ್ದಾನೆ. ಮೂವರಿಗೂ ಒಂದೊಂದು ವಿದ್ಯೆ ಕಲಿಸಿರುತ್ತಾನೆ. ಅವಕ್ಕೆ ಮಂಜಿನ ಮುಷ್ಟಿ, ಗಾಳಿಗಾಲು, ಮೋಡದ ಕೈ ಎಂದು ಹೆಸರಿಟ್ಟೆ. ಕಾಳಗದ ನಡುವೆ ಓದಲು ಸಿಗುವುದು ಒಂದು ಸೆಕೆಂಡು. ಸಂಸ್ಕೃತದ ಸಮಾಸ ಅಲ್ಲಿ ನಿಲ್ಲುವುದಿಲ್ಲ. ಚೀನಾದ ಸಿಚುವಾನ್‌ನಲ್ಲಿರುವ ಲೆಶಾನ್ ಬುದ್ಧನ ವಿಗ್ರಹದ ಹತ್ತಿರದ ಗುಹೆಯಿಂದ ಬೆಂಕಿ ಕಿಲಿನ್ ಬರುತ್ತದೆ. ಕಿಲಿನ್ ಅಂದರೆ ಚೀನೀ ಪುರಾಣದ ಪ್ರಾಣಿ. ಅದಕ್ಕೆ ಮೊದಲು ‘ಯಾಳಿ’ ಎಂದು ಬರೆದಿದ್ದೆ. ಓದಿದರೆ ಹಂಪಿಯ ಕಂಬ ಕಣ್ಣ ಮುಂದೆ ಬಂತು, ಸಿಚುವಾನ್ ಮಾಯವಾಯಿತು. ಅಳಿಸಿ ‘ಬೆಂಕಿಮೃಗ’ ಮಾಡಿದೆ. ಹೇಗಿದೆ ಅನ್ನುವುದು ಪರದೆಯ ಮೇಲೇ ಕಾಣುತ್ತದಲ್ಲ.

ಇನ್ನೊಂದು ಖುಷಿ ಕೊಟ್ಟ ಕೆಲಸ ‘ನೀವು’, ‘ನೀನು’. ಕ್ಯಾಂಟನೀಸ್‌ನಲ್ಲಿ ಎದುರಿಗಿದ್ದವರು ಯಾರೇ ಆಗಲಿ, ಮಾತಿನಲ್ಲಿ ಒಂದೇ ಪದ. ಕನ್ನಡದಲ್ಲಿ ನಾವೇ ತೀರ್ಮಾನಿಸಬೇಕು. ಶಿಷ್ಯರು ಗುರುವಿಗೆ ‘ನೀವು’ ಅನ್ನುತ್ತಾ ಬರುತ್ತಾರೆ. ತಿರುಗಿ ಬಿದ್ದ ಮೇಲೆ ‘ನೀನು’ ಮಾಡಿದೆ. ಬೇರೇನೂ ಸೇರಿಸಲಿಲ್ಲ.

ಸಬ್‌ಟೈಟಲ್ ಎಡಿಟ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬರೆದೆ. ಎರಡು ಸಾಲಿಗಿಂತ ಜಾಸ್ತಿ ಬೇಡ ಎಂದು ನಿಯಮ ಹಾಕಿಕೊಂಡಿದ್ದೆ. ಪೆನ್‌ಡ್ರೈವಿನಲ್ಲಿ ಹಾಕಿ ಟಿವಿಗೆ ಚುಚ್ಚಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ. ‘ಕತ್ತಿ’ ಅನ್ನುವುದು ‘ಕತ್‌ತಿ’ ಆಗಿತ್ತು. ಎಷ್ಟೋ ಟಿವಿಗಳಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಹಾಗಾಗಿ ಅಕ್ಷರಗಳನ್ನು ವಿಡಿಯೋದ ಒಳಗೇ ಅಚ್ಚು ಹಾಕಿಸಿದೆ. ನೀವು ಮಾಡುವುದಾದರೆ ಕೆಲಸ ಶುರುಮಾಡುವ ಮೊದಲೇ ಹತ್ತು ಸಾಲು ಬರೆದು ನಿಮ್ಮ ಟಿವಿಯಲ್ಲಿ ಹಾಕಿ ನೋಡಿ.

ಒಂದು ಭಾನುವಾರ ಮಧ್ಯಾಹ್ನ ಊರಲ್ಲಿ ಹಾಕಿದೆ. ಮೊದಲ ಭವಿಷ್ಯ ಬಂದಾಗ ಅಪ್ಪ ಏನೂ ಹೇಳಲಿಲ್ಲ. ಎರಡನೆಯದು ಬಂದಾಗ ‘ನಿಲ್ಸು’ ಅಂದರು. ಪರದೆಯನ್ನೇ ನೋಡುತ್ತಾ ಎರಡು ಸಲ ಬಾಯಲ್ಲಿ ಹೇಳಿಕೊಂಡರು.

‘ಆಗ ಕೂಡಿದ್ದು ಅವನ ಜೋಡಿ. ಈಗ ಇವರಿಬ್ಬರೂ ತಮ್ಮತಮ್ಮೊಳಗ ಕೂಡ್ಯಾರ. ಹೌದಿಲ್ಲೋ?’

ಹೌದು ಅಂದೆ.

‘ಹಾಕು ಮುಂದ.’