ಜರ್ಮನಿಯ ಮೊದಲ ಚಳಿಗಾಲದಲ್ಲಿ ಮನೆಯ ನೆನಪನ್ನು ನಿಭಾಯಿಸುವ ಬಗೆ

ಜರ್ಮನಿಗೆ ಓದಲು ಹೋದವರನ್ನು ಮನೆಯ ನೆನಪು ತೀವ್ರವಾಗಿ ಕಾಡುವುದು ಬಂದಿಳಿದ ವಾರದಲ್ಲಲ್ಲ, ಸಂಜೆ 4 ಗಂಟೆಯ ಸುಮಾರಿಗೇ ಕತ್ತಲಾಗುವ ಡಿಸೆಂಬರಿನಲ್ಲಿ. ಆದ್ದರಿಂದ ಅಕ್ಟೋಬರಿನಲ್ಲಿ ತರಗತಿಗಳು ಆರಂಭವಾದಾಗಲೇ ಸಿದ್ಧತೆ ಮಾಡಿಕೊಳ್ಳಬೇಕು.

ಮೊದಲು ಭಾನುವಾರದ ಬಗ್ಗೆ ಯೋಚಿಸಿ. ಅಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಗದ್ದಲ ಮಾಡುವಂತಿಲ್ಲ; ಆ ನಿಶ್ಶಬ್ದವೇ ನನ್ನನ್ನು ಮೊದಮೊದಲು ಕಂಗೆಡಿಸಿತ್ತು. ಶನಿವಾರವೇ ಬೇಳೆ, ಟೊಮೆಟೊ ತಂದಿಟ್ಟುಕೊಂಡು, ಮರುದಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಊರಿನಿಂದ ತಂದ ಪುಡಿ ಹಾಕಿ ಸಾರು ಮಾಡಿ. ಒಗ್ಗರಣೆಗೆ ಮುನ್ನ ಕಿಟಕಿ ತೆರೆಯಲು ಮರೆಯಬೇಡಿ, ಹೊಗೆಗೆ ಅಲಾರಂ ಹೊಡೆದುಕೊಂಡೀತು. ಇಂಗಿನ ಘಮಕ್ಕೆ ಪಕ್ಕದ ಕೋಣೆಯವರು ಇಣುಕಿದರೆ ಒಂದು ಬಟ್ಟಲು ಸಾರು ಕೊಡಿ; ನನಗೆ ಮೊದಲ ಗೆಳತಿ ಸಿಕ್ಕಿದ್ದು ಹಾಗೆಯೇ.

ಅಲ್ಲಿನ ರೂಢಿಗಳನ್ನು ಕೇಳಿ ತಿಳಿದುಕೊಳ್ಳುವುದರಿಂದ ಪರಕೀಯ ಭಾವ ಕಡಿಮೆಯಾಗುತ್ತದೆ. ಹುಟ್ಟುಹಬ್ಬದ ಶುಭಾಶಯವನ್ನು ಮುಂಚಿನ ದಿನ ಹೇಳಬಾರದು, ಅದು ಅಪಶಕುನವೆಂಬ ನಂಬಿಕೆಯಿದೆ. ಕೇಕನ್ನು ಸಾಮಾನ್ಯವಾಗಿ ಹುಟ್ಟುಹಬ್ಬದವರೇ ತರುತ್ತಾರೆ.

ವಾರಗಟ್ಟಲೆ ನಿದ್ದೆ ಬಾರದೆ, ತರಗತಿಗೆ ಹೋಗಲೂ ಮನಸ್ಸಾಗದಿದ್ದರೆ, ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನು ಕಾಣಲು ದಯವಿಟ್ಟು ಹಿಂಜರಿಯಬೇಡಿ.

ಮನೆಗೆ ಕರೆ ಮಾಡುವ ವೇಳೆಯನ್ನು ಮಾತ್ರ ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಭಾರತದ ಗಡಿಯಾರ ನಾಲ್ಕೂವರೆ ಗಂಟೆ ಮುಂದಿರುವುದರಿಂದ, ನಮಗೆ ರಾತ್ರಿ ದುಃಖ ಉಮ್ಮಳಿಸುವ ಹೊತ್ತಿಗೆ ಅಮ್ಮ ಮಲಗಿರುತ್ತಾರೆ. ಮಧ್ಯಾಹ್ನ 3ಕ್ಕೆ ಮಾತನಾಡಿದರೆ ಅಲ್ಲಿ ಏಳೂವರೆ; ಅಮ್ಮ ದೇವರಿಗೆ ದೀಪ ಹಚ್ಚಿ ಬಿಡುವಾಗಿರುತ್ತಾರೆ.