ಮಗಳ ಕೇಸನ್ನು ಅಪ್ಪನ ಕೈಗೆ ಕೊಡಲಿಲ್ಲ: ಒಂದು ಕ್ರೈಂ ಥ್ರಿಲ್ಲರ್ ಬರೆದ ಅನುಭವ

ಮಗಳನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿ ಅವಳಿಗೆ ನ್ಯಾಯ ಕೊಡಿಸಲು ಹೊರಡುತ್ತಾನೆ. ನಿರ್ಮಾಪಕರು ನನಗೆ ಹೇಳಿದ ಕಥೆ ಇಷ್ಟೇ. ಇಂಥವನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ. ಮೊದಲು ಸಾವು, ಆಮೇಲೆ ಗಡ್ಡ, ಕುಡಿತ, ಕೊನೆಗೆ ಗೋಡೌನ್‌ನಲ್ಲಿ ಹೊಡೆದಾಟ. ನಾನು ಒಂದೇ ಷರತ್ತು ಹಾಕಿದೆ. ತನಿಖೆಯನ್ನು ಇವನ ಕೈಗೆ ಕೊಡುವುದಿಲ್ಲ.

ನಿಜ ಜೀವನದಲ್ಲೂ ಕೊಡುವುದಿಲ್ಲ ಅಲ್ವಾ? ಹಾಗಾಗಿ ಇವನನ್ನು ದಾವಣಗೆರೆಯ ಸರ್ಕಲ್ ಇನ್ಸ್‌ಪೆಕ್ಟರ್ ಮಾಡಿದೆ. ಮಗಳು ಸತ್ತದ್ದು ಚಿತ್ರದುರ್ಗದ ಹತ್ತಿರ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಜಿಲ್ಲೆ ಬೇರೆ, ಠಾಣೆ ಬೇರೆ. ಅಲ್ಲಿ ಇವನು ಬರೀ ಮೃತಳ ತಂದೆ. ಗುದ್ದಿದ ವಾಹನ ನಿಲ್ಲಿಸದೆ ಹೋಗಿದೆ. 279, 304ಎ ಅಂತ, ಅಂದರೆ ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು ಅಂತ ಕೇಸಾಗಿದೆ. ಇದು ಅಪಘಾತ ಅಲ್ಲ, 302 ಅಂತ ಇವನಿಗೆ ಮಾತ್ರ ಅನ್ನಿಸುತ್ತಿದೆ.

ಕಥೆಯನ್ನು 2023ರಲ್ಲಿ ಇಟ್ಟೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಕೊಲೆಯ ಕಲಂ 103 ಆಗಿದೆ. ಆದರೆ ಥಿಯೇಟರ್‌ನಲ್ಲಿ 302 ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ದುಃಖವನ್ನು ಹೇಗೆ ತೋರಿಸುವುದು ಅಂತ ತಲೆ ಕೆಡಿಸಿಕೊಂಡಿದ್ದಾಗ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಸಿಕ್ಕರು. ಅವರಿಂದ ನಾನು ಕಲಿತದ್ದು ಜಾಸ್ತಿ ಕಾಗದ ಪತ್ರಗಳ ಬಗ್ಗೆ. ಶವ ಪಂಚನಾಮೆ ಹೇಗೆ ಬರೆಯುತ್ತಾರೆ, ಸಂಬಂಧಿಕರನ್ನು ಏನು ಕೇಳುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ಇಂಥವು. ಅಲ್ಲಿಂದ ಹುಟ್ಟಿದ್ದು ಶವಾಗಾರದ ದೃಶ್ಯ.

ವಯಸ್ಸಿನಲ್ಲಿ ಚಿಕ್ಕವನಾದ ಪಿಎಸ್‌ಐ ಪಂಚನಾಮೆ ಬರೆಯುತ್ತಿದ್ದಾನೆ. ಎದುರಿಗೆ ಕೂತವರು ತನಗಿಂತ ಮೇಲಿನ ಅಧಿಕಾರಿ. ಆದರೂ ಕೇಳಲೇಬೇಕು.

“ಸಾರ್, ಮೃತರು ನಿಮಗೆ ಏನಾಗಬೇಕು?”

“ಮಗಳಾಗಬೇಕು.”

ಪಿಎಸ್‌ಐ ‘ಸುಮಾರು 22 ವರ್ಷ’ ಅಂತ ಬರೆಯುತ್ತಾನೆ. ಇವನು ಕಾಗದದ ಮೇಲೆ ಬೆರಳಿಟ್ಟು ಹೇಳುತ್ತಾನೆ: “ಸುಮಾರು ಅಲ್ಲಪ್ಪ. ಇಪ್ಪತ್ತೆರಡು ವರ್ಷ ನಾಲ್ಕು ತಿಂಗಳು.”

ಇಷ್ಟು ವರ್ಷ ಬೇರೆಯವರ ಮಕ್ಕಳ ವಯಸ್ಸಿನ ಮುಂದೆ ‘ಸುಮಾರು’ ಅಂತ ಬರೆದವನು ಇವನೇ. ಅಳುವ ದೃಶ್ಯ ಬರೆಯುವ ಅಗತ್ಯವೇ ಬೀಳಲಿಲ್ಲ.

ಮನೆಯ ಕಥೆಗೂ ಕಾಗದದಿಂದಲೇ ದಾರಿ ಸಿಕ್ಕಿತು. ವಾಹನ ಪತ್ತೆಯಾಗದ ಅಪಘಾತದಲ್ಲಿ ಸತ್ತರೆ, 2022ರ ಏಪ್ರಿಲ್‌ನಿಂದ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ಇದೆ. ಹಾಲು ತುಪ್ಪದ ದಿನವೇ ಯಾರೋ ಆ ಅರ್ಜಿ ಹಿಡಿದು ಮನೆಗೆ ಬರುತ್ತಾರೆ. ಹೆಂಡತಿ ಸಹಿ ಹಾಕುತ್ತಾಳೆ. ದುಡ್ಡಿಗಲ್ಲ, ಇದು ಇಲ್ಲಿಗೆ ಮುಗಿಯಲಿ ಅಂತ. ಗಂಡ ಹೆಂಡತಿಯ ಜಗಳ ಅಲ್ಲಿಂದ ಶುರು.

ಸುಳಿವಿಗೆ ಜಾಸ್ತಿ ಒದ್ದಾಡಲಿಲ್ಲ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಹಿರಿಯೂರು ಕಡೆಯ ಟೋಲ್ ದಾಟಿದ ಲಾರಿಯೊಂದು ದಾವಣಗೆರೆ ಕಡೆಯ ಟೋಲ್‌ಗೆ ಬರಬೇಕಾದ್ದಕ್ಕಿಂತ ಗಂಟೆಗಟ್ಟಲೆ ತಡವಾಗಿ ಬಂದಿದೆ. ನಡುವೆ ಅದು ಎಲ್ಲಿತ್ತು? ಅಷ್ಟು ಸಾಕು.

ನಿಜವಾದ ಕಷ್ಟ ಶುರುವಾದದ್ದು ತಪ್ಪೊಪ್ಪಿಗೆಯಲ್ಲಿ. ನಮ್ಮ ಸಿನಿಮಾಗಳಲ್ಲಿ ಹೀರೊ ಎರಡು ಬಿಗಿಯುತ್ತಾನೆ, ವಿಲನ್ ಒಪ್ಪಿಕೊಳ್ಳುತ್ತಾನೆ, ಕೇಸು ಮುಗಿಯಿತು. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಒಪ್ಪಿಕೊಂಡ ಮಾತನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ತನಿಖಾಧಿಕಾರಿಯೇ ಆಗಬೇಕೆಂದಿಲ್ಲ, ಯಾವ ಪೊಲೀಸ್ ಅಧಿಕಾರಿಯಾದರೂ ಅಷ್ಟೇ. ಲಾರಿ ಡ್ರೈವರ್ ಒಂದು ರಾತ್ರಿ ಇವನ ಮುಂದೆ ಕೂತು ಎಲ್ಲವನ್ನೂ ಹೇಳಿಬಿಡುತ್ತಾನೆ. ಒಡೆದ ಹೆಡ್‌ಲೈಟನ್ನು ಎಲ್ಲಿ ಹೂತಿದ್ದೇನೆ ಅನ್ನುವುದನ್ನೂ ಹೇಳುತ್ತಾನೆ. ಇವನು ಮೇಷ್ಟ್ರೋ ಅಂಗಡಿಯವನೋ ಆಗಿದ್ದರೆ ಆ ಮಾತಿಗೆ ಕೋರ್ಟಿನಲ್ಲಿ ಒಂದಿಷ್ಟಾದರೂ ಬೆಲೆ ಇರುತ್ತಿತ್ತು. ಠಾಣೆಯಲ್ಲಿ ಇವನನ್ನು ಪೊಲೀಸ್ ಅಂತ ಒಪ್ಪಲಿಲ್ಲ. ಇಲ್ಲಿ ಬರೀ ಅಪ್ಪ ಅಂತ ಒಪ್ಪುವುದಿಲ್ಲ. ಇದು ಹೊಳೆದ ಮೇಲೆ ನಾನು ಬೇರೆ ವಿಲನ್ ಹುಡುಕುವುದನ್ನು ಬಿಟ್ಟೆ.

ಉಳಿಯುವ ದಾರಿ 27ನೇ ಕಲಂ. ಪೊಲೀಸರ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ನಿಲ್ಲುತ್ತದೆ. ಆದರೆ ಜಾಗ ಪೊಲೀಸರಿಗೆ ಮೊದಲೇ ಗೊತ್ತಿದ್ದರೆ ಅದು ಪತ್ತೆಯೇ ಅಲ್ಲ. ಅಂದರೆ ಇವನು ತನಗೆ ಗೊತ್ತಿರುವುದನ್ನು ಪಿಎಸ್‌ಐಗೆ ಹೇಳಬಾರದು. ಬಾಯಿ ಮುಚ್ಚಿಕೊಂಡು ಕಾಯಬೇಕು. ಡ್ರೈವರ್ ತಾನಾಗಿ ಪಿಎಸ್‌ಐಗೆ ಹೇಳಬೇಕು, ಸಾಕ್ಷಿಗಳಾಗಿ ಪಂಚರು ಬರಬೇಕು, ಅವರ ಮುಂದೆ ಮಹಜರು ಆಗಬೇಕು. ಗಾಜಿನ ಚೂರು ರಸ್ತೆಯಲ್ಲಿ ಸಿಕ್ಕ ಚೂರಿಗೆ ಹೊಂದುತ್ತದಾ ಅಂತ ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ಹೇಳಬೇಕು. ಅಷ್ಟರಲ್ಲಿ ಮಳೆಗಾಲ ಶುರುವಾಗುತ್ತದೆ. ಹೂತ ಜಾಗ ಹಳ್ಳದ ದಂಡೆ. ಸಿನಿಮಾದ ಎರಡನೇ ಅರ್ಧ ಪೂರ್ತಿ ಇದೇ. ಒಂದೂ ಚೇಸ್ ಇಲ್ಲ.

ನಿರ್ಮಾಪಕರು ಒಂದು ಮಂಪರು ಪರೀಕ್ಷೆ ಇಡಿ ಅಂದರು. ಆರೋಪಿ ಒಪ್ಪದೆ ಅದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದೂ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ. ಅಲ್ಲಿಗೆ ಆ ಮಾತು ನಿಂತಿತು. ಅಪ್ಪ ಮಗಳ ಹಾಡು ಬೇಕು ಅನ್ನುವ ಮಾತು ಮಾತ್ರ ಇನ್ನೂ ನಿಂತಿಲ್ಲ.

ಕೋರ್ಟಿನ ಭಾಗ ಬರೆಯುವ ಮೊದಲು ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬರುತ್ತಿದ್ದೆ. ಥ್ರಿಲ್ಲರ್ ಬರೆಯುವವರು ಈ ಕೆಲಸ ತಪ್ಪಿಸಬೇಡಿ. ಅಲ್ಲಿ ಯಾರೂ ಕೂಗಾಡುವುದಿಲ್ಲ. ಪಂಚ ಸಾಕ್ಷಿ ಬಂದು “ಪೊಲೀಸರು ಸ್ಟೇಷನ್‌ಗೆ ಕರೆಸಿ ಸಹಿ ಹಾಕಿಸಿಕೊಂಡರು, ಏನು ಬರೆದಿತ್ತೋ ಗೊತ್ತಿಲ್ಲ” ಅಂತ ತಣ್ಣಗೆ ಹೇಳಿ ಇಳಿದು ಹೋಗುತ್ತಾನೆ. ಆ ಕೇಸು ಅರ್ಧ ಸತ್ತಂತೆ. ಜಡ್ಜ್ ಮುಖವೂ ಬದಲಾಗುವುದಿಲ್ಲ.

ನಮ್ಮ ಕ್ಲೈಮ್ಯಾಕ್ಸ್ ಅಂಥದೇ ಕೋಣೆಯಲ್ಲಿ. ಇವನು ಕಟಕಟೆಯಲ್ಲಿ ಪ್ರಮಾಣ ಮಾಡಿ ನಿಂತಿದ್ದಾನೆ. ಆರೋಪಿ ಪರ ವಕೀಲರು ಕೇಳುತ್ತಾರೆ: “ಹೆಡ್‌ಲೈಟ್ ಎಲ್ಲಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಅಂದರೆ ಸರಿಯೇ?” ಹೌದು ಅಂದರೆ ಕೇಸು ಬೀಳಬಹುದು. ಇಲ್ಲ ಅಂದರೆ ಸುಳ್ಳು ಸಾಕ್ಷಿ. ನನ್ನ ಪ್ರತಿಯಲ್ಲಿ ಅವನು ಹೌದು ಅನ್ನುತ್ತಾನೆ. ನಿರ್ದೇಶಕರು ಇಲ್ಲ ಅನ್ನಿಸಬೇಕು ಅನ್ನುತ್ತಾರೆ. ಅಪ್ಪ ಆದವನು ಹಾಗೇ ಹೇಳೋದು ಅಂತ ಅವರ ವಾದ. ಕೋರ್ಟ್ ಸೀನ್‌ಗಳ ಶೂಟಿಂಗ್ ಕೊನೆಯ ಶೆಡ್ಯೂಲ್‌ನಲ್ಲಿದೆ. ಅಷ್ಟರೊಳಗೆ ನಮ್ಮಿಬ್ಬರಲ್ಲಿ ಒಬ್ಬರು ಸೋಲಬೇಕು.