ಹಳೆಯ ಬಿಎಂಡಬ್ಲ್ಯುಗೆ ಸೆನ್ಸರ್ ಹೊಂದಿಸಿದ್ದು: ನನ್ನ ಅನುಭವ

ದಾವಣಗೆರೆಯ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ‘1986ರ ಬಿಎಂಡಬ್ಲ್ಯು 318ಐ ಕಾರಿನ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನದ ಸೆನ್ಸರ್ ಬೇಕು’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಾರಿನ ಹೆಸರು ಬಿಟ್ಟು ‘ಬಾಷ್ 0 280 130 026’ ಎಂದು ಬರೆದುಕೊಟ್ಟರೆ ಅಂಗಡಿಯವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡುತ್ತಾರೆ. ಆ ಹತ್ತು ಅಂಕಿಗಳು ಹಳೆಯ ಸೆನ್ಸರಿನ ಮೈಮೇಲೆಯೇ ಇರುತ್ತವೆ. ಜಿಡ್ಡು ಒರೆಸಿ ಓದಬೇಕು, ಅಷ್ಟೆ. ಬಾಷ್ ಕಂಪನಿ ಒಂದೇ ಸೆನ್ಸರನ್ನು ಹಲವು ಕಾರು ತಯಾರಕರಿಗೆ ಕೊಡುತ್ತಿತ್ತು. ಹಾಗಾಗಿ ನಮ್ಮ ಕಾರು ಅಪರೂಪದ್ದಾದರೂ ಅದರ ಸೆನ್ಸರ್ ಅಪರೂಪದ್ದಾಗಬೇಕಿಲ್ಲ.

ಈ ಕಾರನ್ನು ದೊಡ್ಡಪ್ಪ ಇಂಗ್ಲೆಂಡಿನಿಂದ ಮರಳುವಾಗ ತಂದಿದ್ದರು. ಇದರಲ್ಲಿರುವುದು ಬಾಷ್ ಎಲ್-ಜೆಟ್ರಾನಿಕ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ಅಳೆದು ಸಿಂಪಡಿಸುವ ವ್ಯವಸ್ಥೆ. ಇಂದಿನ ಕಾರುಗಳಂತೆ ಸ್ಕ್ಯಾನರ್ ಚುಚ್ಚಿ ದೋಷ ಓದುವ ವ್ಯವಸ್ಥೆ ಇದಕ್ಕಿಲ್ಲ. ಮಲ್ಟಿಮೀಟರ್ ಒಂದೇ ಆಧಾರ. ತಣ್ಣಗಿರುವಾಗ ಎಂಜಿನ್ ಸಲೀಸಾಗಿ ಓಡುತ್ತಿತ್ತು. ಬಿಸಿಯಾದ ಮೇಲೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಇಳಿದ ಮೈಲೇಜ್. ಗ್ಯಾರೇಜಿನವರು ಇಂಜೆಕ್ಟರ್‌ಗಳನ್ನೇ ಬದಲಿಸಲು ಹೇಳಿದರು. ನನಗೆ ಅನುಮಾನ ಬಂದದ್ದು ಕೂಲೆಂಟ್ ತಾಪಮಾನದ ಸೆನ್ಸರ್ ಮೇಲೆ.

ಅದರೊಳಗೆ ಬಿಸಿ ಏರಿದಂತೆ ವಿದ್ಯುತ್ ರೋಧ (ರೆಸಿಸ್ಟೆನ್ಸ್) ಇಳಿಯುವ ಥರ್ಮಿಸ್ಟರ್ ಇರುತ್ತದೆ. ಈ ಸಂಖ್ಯೆಯ ಸೆನ್ಸರ್ 20 ಡಿಗ್ರಿಯಲ್ಲಿ 2,500 ಓಮ್, 40ರಲ್ಲಿ ಸುಮಾರು 1,175, 80ರಲ್ಲಿ 323, 100ರಲ್ಲಿ 187 ಓಮ್ ತೋರಿಸಬೇಕು. ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿ, ತಳಕ್ಕೆ ತಾಗದಂತೆ ಸೆನ್ಸರನ್ನು ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಅಳೆದೆ. ಹಳೆಯದು 80 ಡಿಗ್ರಿಯಲ್ಲೂ ಸಾವಿರ ಓಮ್ ತೋರಿಸುತ್ತಿತ್ತು. ಅಂದರೆ ಎಂಜಿನ್ ಪೂರ್ತಿ ಬಿಸಿಯಾಗಿದ್ದರೂ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರ್‌ಗೆ) ಅದು 45 ಡಿಗ್ರಿಯ ಆಸುಪಾಸಿನಲ್ಲಿದೆ ಎಂಬ ಸುದ್ದಿ ಹೋಗುತ್ತಿತ್ತು, ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಇನ್ನೊಂದು ಸಂಗತಿ: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿ 187ಕ್ಕೆ ಇಳಿಯಲಿಲ್ಲವೆಂದು ಒಳ್ಳೆಯ ಸೆನ್ಸರನ್ನು ಎಸೆಯಬೇಡಿ.

ಹೊಸದು ಬರುವವರೆಗೆ ಗುಜರಿಯಲ್ಲಿ ಸಿಕ್ಕ ಬೇರೆ ಬೇರೆ ಸೆನ್ಸರ್‌ಗಳನ್ನೂ ಅದೇ ಪಾತ್ರೆಗೆ ಇಳಿಸಿದೆ. ನಿಜವಾಗಿ ಕಲಿತದ್ದು ಇಲ್ಲಿ. ಜನರಲ್ ಮೋಟರ್ಸ್ ಮಾದರಿಯದು ಬಿಸಿಯಲ್ಲಿ ಬಾಷ್‌ಗೆ ತೀರಾ ಹತ್ತಿರ, ಆದರೆ 20 ಡಿಗ್ರಿಯಲ್ಲಿ 3,500 ಓಮ್. ಬಿಸಿನೀರಿನಲ್ಲಿ ಮಾತ್ರ ನೋಡಿ ಹಾಕಿದರೆ ಪ್ರತಿ ಬೆಳಗಿನ ಸ್ಟಾರ್ಟಿನಲ್ಲೂ ಪೆಟ್ರೋಲ್ ಹೆಚ್ಚಾಗುತ್ತದೆ. ಆ ಕಾಲದ ಫೋರ್ಡ್ ಮಾದರಿ 20 ಡಿಗ್ರಿಯಲ್ಲಿ ಮೂವತ್ತು ಸಾವಿರ ಓಮ್ ದಾಟುತ್ತದೆ. ಅದರ ತಂಟೆಗೇ ಹೋಗಬಾರದು. ಅಚ್ಚರಿ ಹುಟ್ಟಿಸಿದ್ದು ಹಳೆಯ ಮಾರುತಿ ಎಸ್ಟೀಮ್‌ನದು. 20ರಲ್ಲೂ 80ರಲ್ಲೂ ಅದು ಬಾಷ್‌ನ ಅಂಕಿಗಳ ಜೊತೆಜೊತೆಗೇ ನಡೆಯಿತು. ಕನಿಷ್ಠ ಮೂರು ತಾಪಮಾನಗಳಲ್ಲಿ ಹೊಂದದ ಸೆನ್ಸರನ್ನು ‘ಹೊಂದುತ್ತದೆ’ ಎನ್ನಲು ನಾನು ಒಪ್ಪುವುದಿಲ್ಲ.

ರೋಧ ಹೊಂದಿದ ಮೇಲೆ ಸೆನ್ಸರಿನ ತಿರುಪಿನ ಮರೆ (ಥ್ರೆಡ್) ನೋಡಬೇಕು. ನನ್ನದು 12 ಮಿ.ಮೀ., 1.5 ಪಿಚ್ (ಎಳೆಗಳ ನಡುವಿನ ಅಂತರ). ಗುಜರಿಯಲ್ಲಿ ಸಿಕ್ಕ ಇನ್ನೊಂದು ಬಾಷ್ ಸೆನ್ಸರಿನ ಮರೆ 14 ಮಿ.ಮೀ. ಇತ್ತು. ಅದನ್ನು ಹರಿಹರಕ್ಕೆ ಒಯ್ದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯ ದೆಸೆಯಿಂದ ಆ ಊರಿನಲ್ಲಿ ಟರ್ನಿಂಗ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ.

“ಹಿತ್ತಾಳೆಯಲ್ಲಿ ಬುಷ್ ಮಾಡಿಕೊಡುತ್ತೇನೆ ಸರ್, ಅದೇನು ಕಷ್ಟ?” ಎಂದರು ಹಿರಿಯ ಟರ್ನರ್.

“ಮಾಡಬಹುದು ಯಜಮಾನರೇ, ಆದರೆ ಸೆನ್ಸರಿನ ತುದಿ ಕೂಲೆಂಟ್‌ನಲ್ಲಿ ಮುಳುಗಿರಬೇಕಲ್ಲ?”

ಅವರು ಕ್ಯಾಲಿಪರ್ ಹಿಡಿದು ಅಳೆದು ನೋಡಿ ತಲೆಯಾಡಿಸಿದರು. ಬುಷ್ ಹಾಕಿದರೆ ತುದಿ ಮೇಲೆಯೇ ಉಳಿಯುತ್ತಿತ್ತು, ಹರಿಯುವ ಕೂಲೆಂಟಿನ ಬಿಸಿ ಅದಕ್ಕೆ ತಡವಾಗಿ ತಲುಪುತ್ತಿತ್ತು. ಆ ಯೋಚನೆ ಅಲ್ಲಿಗೇ ಬಿಟ್ಟೆ. ಜೆ.ಸಿ. ರಸ್ತೆಯಿಂದ ಸರಿಯಾದ ಸಂಖ್ಯೆಯದೇ ಬಂತು. ಅದನ್ನೂ ಪಾತ್ರೆಯಲ್ಲಿ ಪರೀಕ್ಷಿಸಿದ ನಂತರವೇ, ಹೊಸ ತಾಮ್ರದ ವಾಷರ್ ಜೊತೆ ಕೂರಿಸಿದೆ. ಬಿಸಿಗೆ ಪುಡಿಯಾಗಿದ್ದ ಹಳೆಯ ಕಪ್ಲರನ್ನೂ (ಸೆನ್ಸರಿಗೆ ತಂತಿ ಜೋಡಿಸುವ ಪ್ಲಗ್) ಬದಲಿಸಿದೆ, ಏಕೆಂದರೆ ಹಸಿರು ಹಿಡಿದ ಪಿನ್ ಕೂಡ ರೋಧವನ್ನು ಸೇರಿಸುತ್ತದೆ. ಕಪ್ಪು ಹೊಗೆ ನಿಂತಿತು.

ಪೆಡಲ್ ಬಿಟ್ಟಿದೆಯೋ ಪೂರ್ತಿ ಒತ್ತಿದೆಯೋ ಎಂದು ಇಸಿಯುಗೆ ತಿಳಿಸುವ ಥ್ರಾಟಲ್ ಸ್ವಿಚ್ ಪರೀಕ್ಷೆಯೂ ಸುಲಭ. ನಡುವಿನ 18ನೇ ಪಿನ್ನಿಗೂ 2ನೆಯದಕ್ಕೂ ಪೆಡಲ್ ಬಿಟ್ಟಾಗ ಸಂಪರ್ಕ ಸಿಗಬೇಕು, 18 ಮತ್ತು 3ರ ನಡುವೆ ಪೂರ್ತಿ ಒತ್ತಿದಾಗ.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಮೀಟರ್‌ಗೆ ಮಾತ್ರ ಬದಲಿ ಹುಡುಕಿ ಸುಸ್ತಾಗುವ ಮೊದಲು ಇದ್ದುದನ್ನೇ ಉಳಿಸಿಕೊಳ್ಳಲು ನೋಡಿ. ಒಳಗಿನ ಇಂಗಾಲದ ಪಟ್ಟಿ ಸವೆದರೆ ಕಾರು ಮಧ್ಯೆ ಮಧ್ಯೆ ಜಗ್ಗುತ್ತದೆ. ಡಿಜಿಟಲ್ ಮೀಟರ್ ಇದನ್ನು ಹಿಡಿಯುವುದಿಲ್ಲ. ಹಳೆಯ ಮುಳ್ಳಿನ ಮೀಟರ್ ಜೋಡಿಸಿ ಒಳಗಿನ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ಸವೆದ ಜಾಗದಲ್ಲಿ ಮುಳ್ಳು ಹಾರುವುದು ಕಣ್ಣಿಗೆ ಬೀಳುತ್ತದೆ. ಮುಚ್ಚಳದ ಅಂಟು ಬಿಡಿಸಿ, ಪಟ್ಟಿಯಿರುವ ಫಲಕವನ್ನು ಕೂದಲೆಳೆಯಷ್ಟು ಸರಿಸಿದರೆ ಸಂಪರ್ಕದ ತಂತಿಗಳು ಸವೆಯದ ಭಾಗದ ಮೇಲೆ ಓಡುತ್ತವೆ. ಸ್ಪ್ರಿಂಗಿನ ಹಲ್ಲುಚಕ್ರಕ್ಕೆ ಮೊದಲೇ ಗುರುತು ಹಾಕಿ, ಅದನ್ನು ತಿರುಗಿಸಬೇಡಿ. ಮೀಟರಿನಿಂದ ಮುಂದಕ್ಕೆ ಹೋಗುವ ರಬ್ಬರ್ ಬೂಟನ್ನೂ ಹಿಗ್ಗಿಸಿ ನೋಡಿ. ಅದರಲ್ಲಿ ಸೀಳಿದ್ದರೆ ಅಳತೆಗೆ ಸಿಗದ ಗಾಳಿ ಒಳಹೊಕ್ಕು ಎಂಜಿನ್ ಅದುರುತ್ತದೆ. ಯಾವ ಸೆನ್ಸರ್ ಬದಲಿಸಿದರೂ ಅದು ಸರಿಹೋಗುವುದಿಲ್ಲ.